ಒಂದೇ ಎಳೆ, ಒಂದೇ ಕೊಕ್ಕೆ

ಕಾರ್ತಿಕ ಕಳೆದು ಮಾರ್ಗಶಿರ ಕಾಲಿಡುತ್ತಿದ್ದಂತೆ ಬೆಂಗಳೂರಿನ ಉತ್ತರ ಭಾಗದ ಬಡಾವಣೆಗಳಲ್ಲಿ ಮುಂಜಾವಿನ ಚಳಿ ಮೈಗೆ ತಾಗತೊಡಗುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಊರು ಇದು. ಹೆಬ್ಬಾಳ, ಜಕ್ಕೂರು, ಯಲಹಂಕಗಳ ಕೆರೆಗಳ ತೇವವೂ ಕೃಷಿ ವಿಶ್ವವಿದ್ಯಾಲಯದ ಬಯಲಿನ ತೆರಪೂ ಕೂಡಿ ಈ ಭಾಗದಲ್ಲಿ ಚಳಿ ಒಂದು ಹಿಡಿ ಹೆಚ್ಚೆಂದೇ ಇಲ್ಲಿನವರ ಅನುಭವ. 1884ರ ಜನವರಿ 13ರಂದು ಬೆಂಗಳೂರಿನ ಉಷ್ಣಾಂಶ 7.8 ಡಿಗ್ರಿಗೆ ಇಳಿದದ್ದು ಇಂದಿಗೂ ದಾಖಲೆಯಾಗಿ ಉಳಿದಿದೆ. ಅಂಥ ಚಳಿಯನ್ನು ಈಗಿನ ಕಾಂಕ್ರೀಟು ನಗರ ಮರೆತಿರಬಹುದು. ಆದರೂ ಧನುರ್ಮಾಸದಲ್ಲಿ ಬೆಳಗಿನ ಪೂಜೆಗೆಂದು ತಣ್ಣೀರು ಮುಟ್ಟುವವರಿಗೆ ಅದರ ನೆನಪು ಇನ್ನೂ ಆಗುತ್ತದೆ. ಆ ಹೊತ್ತಿಗೆ ಮನೆಮನೆಗಳಲ್ಲಿ ಟ್ರಂಕುಗಳು, ಗಾಡ್ರೆಜ್ ಬೀರುಗಳು ತೆರೆದುಕೊಳ್ಳುತ್ತವೆ, ಉಣ್ಣೆಯ ಬಟ್ಟೆಗಳು ಹೊರಬರುತ್ತವೆ.

ಹೀಗೆ ಹೊರಬರುವ ಬಟ್ಟೆಗಳಲ್ಲಿ ಬಹುಪಾಲು ಇಂದು ಗಿರಣಿಯವು. ಆದರೆ ಆ ರಾಶಿಯ ಅಡಿಯಲ್ಲಿ ಎಲ್ಲೋ ಒಂದು ಕಡೆ ಕೈಯಿಂದ ಹೆಣೆದ ಕುಲಾವಿ, ಒಂದು ಜೊತೆ ಪುಟ್ಟ ಕಾಲುಚೀಲ, ಕೆಂಪು ಹಳದಿ ಹಸಿರು ಚೌಕಗಳನ್ನು ಕೂಡಿಸಿದ ಹೊದಿಕೆ ಇದ್ದೇ ಇರುತ್ತದೆ. ಆ ಕುಲಾವಿ ಧರಿಸಿದ್ದ ಮಗು ಈಗ ಇಂಜಿನಿಯರಿಂಗ್ ಕಾಲೇಜಿಗೆ ಹೋಗುತ್ತಿರಬಹುದು, ಹೆಣೆದ ಕೈ ಲಿಂಗೈಕ್ಯವಾಗಿರಬಹುದು. ಆದರೂ ಅದನ್ನು ಯಾರೂ ಹಳೆಯ ಬಟ್ಟೆಯವನಿಗೆ ಹಾಕಿ ಪಾತ್ರೆ ಕೊಂಡಿಲ್ಲ. ಇಂಥ ಹೆಣಿಗೆಗಳಲ್ಲಿ ಎರಡು ಕಡ್ಡಿಯದು ಒಂದು ಬಗೆ, ಒಂದೇ ಕೊಕ್ಕೆಕಡ್ಡಿಯದು ಇನ್ನೊಂದು ಬಗೆ. ಈ ಎರಡನೆಯದನ್ನೇ ನಮ್ಮ ಹೆಣ್ಣುಮಕ್ಕಳು ಕ್ರೋಶಾ ಎನ್ನುತ್ತಾರೆ. ಈ ಸಂಚಿಕೆಯಲ್ಲಿ ನಾವು ಅದನ್ನು ಕುರಿತು ನಾಲ್ಕು ಮಾತು ಬರೆಯಲು ತೊಡಗಿದ್ದೇವೆ. ಷಟ್‌ಸ್ಥಲ, ಅಷ್ಟಾವರಣಗಳನ್ನು ಬರೆಯುವ ಲೇಖನಿಗೆ ಉಲ್ಲನ್ ದಾರದ ಗೊಡವೆ ಏಕೆಂದು ಓದುಗ ಬಂಧುಗಳು ಕೇಳಬಹುದು. ಪ್ರವಚನದ ನಿಮಿತ್ತ ಮನೆಗಳಿಗೆ ಹೋದಾಗ ಕಂಡದ್ದೂ ಕೇಳಿದ್ದೂ ನಮ್ಮನ್ನು ಈ ವಿಷಯಕ್ಕೆ ಎಳೆದು ತಂದಿದೆ.

ಮೊದಲು ಶಬ್ದದ ವಿಚಾರ. ಕ್ರೋಶಾ ಎಂಬುದಕ್ಕೂ ಸಂಸ್ಕೃತದ ಕ್ರೋಶಕ್ಕೂ ನಂಟಿಲ್ಲ. ಸಂಸ್ಕೃತದ ಕ್ರೋಶವೆಂದರೆ ಕೂಗು, ಹಾಗೆಯೇ ಒಂದು ದೂರದ ಅಳತೆ. ನಮ್ಮ ಹೆಣಿಗೆಯ ಹೆಸರು ಫ್ರೆಂಚರ ಮಾತು, ಚಿಕ್ಕ ಕೊಕ್ಕೆ ಎಂದು ಅದರ ಅರ್ಥ. ಉಣ್ಣೆಯಾದರೋ ನಮ್ಮದೇ, ಊರ್ಣಾ ಎಂಬ ಹಳೆಯ ಶಬ್ದ ಪ್ರಾಕೃತದ ಬಾಯಲ್ಲಿ ಸವೆದು ಉಣ್ಣೆಯಾಯಿತು. ತನ್ನ ಹೊಟ್ಟೆಯಿಂದಲೇ ನೂಲು ತೆಗೆಯುವ ಜೇಡನನ್ನು ಊರ್ಣನಾಭ ಎಂದು ಕರೆದವರೂ ನಮ್ಮ ಹಿಂದಿನವರೇ. ಎಲ್ಲ ಕಸುಬೂ ನಮ್ಮಲ್ಲಿ ಮೊದಲೇ ಇತ್ತೆಂದು ಸಾಧಿಸುವ ಉತ್ಸಾಹ ಕೆಲವರಲ್ಲಿ ಕಾಣುತ್ತದೆ. ಕಲ್ಯಾಣದ ಶರಣೆಯರೂ ಕ್ರೋಶಾ ಹಾಕುತ್ತಿದ್ದರೆಂದು ಸಭೆಯಲ್ಲಿ ಹೇಳಿದವರನ್ನು ನಾವು ಕೇಳಿದ್ದೇವೆ. ಅದಕ್ಕೆ ಆಧಾರವಿಲ್ಲ. ಈಗಿನ ರೂಪದ ಈ ಹೆಣಿಗೆ ಯೂರೋಪಿನಲ್ಲಿ ಹರಡಿದ್ದು 19ನೆಯ ಶತಮಾನದಲ್ಲಿ. ಸುಳ್ಳು ಪ್ರಾಚೀನತೆಯ ಹೊದಿಕೆ ಇದಕ್ಕೆ ಬೇಕಿಲ್ಲ.

ಈ ಕಸುಬಿನ ನಿಜವಾದ ಚರಿತ್ರೆಯೇ ಮನಸ್ಸನ್ನು ಹಿಡಿಯುವಂಥದು. 1845ರಿಂದ ಕೆಲವು ವರ್ಷ ಐರ್ಲೆಂಡ್ ದೇಶದಲ್ಲಿ ಆಲೂಗಡ್ಡೆಯ ಬೆಳೆಗೆ ರೋಗ ತಗುಲಿ ಘೋರ ಕ್ಷಾಮ ಒದಗಿತು. ಲಕ್ಷಗಟ್ಟಲೆ ಜನ ಹಸಿವಿನಿಂದ ಸತ್ತರು, ಲಕ್ಷಗಟ್ಟಲೆ ಜನ ಊರು ಬಿಟ್ಟು ಹಡಗು ಹತ್ತಿದರು. ಆಗ ಅಲ್ಲಿನ ಕ್ರೈಸ್ತ ಸಂನ್ಯಾಸಿನಿಯರು ಹಳ್ಳಿಯ ಹೆಂಗಸರಿಗೆ, ಮಕ್ಕಳಿಗೆ ಕೊಕ್ಕೆಕಡ್ಡಿಯಿಂದ ಜಾಲರಿ ಹೆಣೆಯುವುದನ್ನು ಕಲಿಸಿದರು. ಅವರು ಹೆಣೆದ ಕಂಠಪಟ್ಟಿ, ಅಂಚುಗಳನ್ನು ಶ್ರೀಮಂತರು ಕೊಂಡರು. ಎಷ್ಟೋ ಮನೆಗಳಲ್ಲಿ ಒಲೆ ಹೊತ್ತಿದ್ದು ಆ ಹಣದಿಂದ. ಅದೇ ಶತಮಾನದಲ್ಲಿ ಪಾದ್ರಿಗಳ ಮೂಲಕ ಈ ವಿದ್ಯೆ ನಮ್ಮ ನೆರೆಯ ಆಂಧ್ರದ ಗೋದಾವರಿ ತೀರಕ್ಕೂ ಬಂತು. ಅಲ್ಲಿನ ನರಸಾಪುರದ ಸುತ್ತಿನ ಹಳ್ಳಿಗಳ ಸಹಸ್ರಾರು ಸ್ತ್ರೀಯರು ಇಂದಿಗೂ ಕ್ರೋಶಾ ಲೇಸು ಹೆಣೆಯುತ್ತಾರೆ. ಆ ಕಸುಬಿಗೆ 2024ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆತಿದೆ. ನಮ್ಮಲ್ಲಿಯೂ ದಂಡಿನ ಪ್ರದೇಶದ ಮಿಷನ್ ಶಾಲೆಗಳಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ, ಹೆಣಿಗೆ ಪಾಠದ ಭಾಗವಾಗಿದ್ದವು. ಅಲ್ಲಿಂದ ಅದು ಪೇಟೆಯ ಮನೆಗಳಿಗೆ, ಬಯಲುಸೀಮೆಯ ಊರುಗಳಿಗೆ ಮದುವೆಯಾಗಿ ಹೋದವರ ಪೆಟ್ಟಿಗೆಯಲ್ಲಿ ಸಾಗಿತು.

ಕುರಿಯ ದೇಶವಾದ ಕರ್ನಾಟಕಕ್ಕೆ ಉಣ್ಣೆ ಹೊಸದಲ್ಲ. ದಖನಿ, ಬಳ್ಳಾರಿ ತಳಿಯ ಕುರಿಗಳ ತುಪ್ಪಟವನ್ನು ಕತ್ತರಿಸಿ, ಹಿಂಜಿ, ಕೈಯಲ್ಲಿ ನೂತು, ಹುಣಸೆಬೀಜದ ಗಂಜಿ ಹಾಕಿ, ಕುಣಿಮಗ್ಗದಲ್ಲಿ ನೇಯ್ದ ಕಂಬಳಿ ನಮ್ಮ ರೈತನಿಗೆ ಕೊಡೆಯೂ ಹೌದು, ಹಾಸಿಗೆಯೂ ಹೌದು. ಚಳ್ಳಕೆರೆಯ ಕಂಬಳಿಯನ್ನು ಕೇಳದವರಿಲ್ಲ. ಕುರಿ ಕಾಯುತ್ತಲೇ ಶಿವನನ್ನು ಕಂಡ ವೀರಗೊಲ್ಲಾಳನನ್ನು ನೆನೆಯದ ಶರಣಚರಿತ್ರೆಯೂ ಇಲ್ಲ. ಆದರೆ ಆ ಉಣ್ಣೆ ಒರಟು. ಮಳೆ ತಡೆಯುತ್ತದೆ, ಮುಳ್ಳು ತಡೆಯುತ್ತದೆ, ಎಳೆಗೂಸಿನ ಕೆನ್ನೆಗೆ ಮಾತ್ರ ಸಲ್ಲದು. ಬೆಂಗಳೂರಿನಲ್ಲಿಯೇ 19ನೆಯ ಶತಮಾನದ ಕೊನೆಯಲ್ಲಿ ಆರಂಭವಾಗಿ ಮುಂದೆ ಬಿನ್ನಿ ಗಿರಣಿಯೆಂದು ಹೆಸರಾದ ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿ ಇತ್ತು. ಬಿನ್ನಿಪೇಟೆ ಎಂಬ ಹೆಸರು ಉಳಿದಿದೆ, ಗಿರಣಿ ಇಲ್ಲ. ಇಂದು ಚಿಕ್ಕಪೇಟೆಯ ಅಂಗಡಿಗಳಲ್ಲಿ ನಮ್ಮವರು ಕೊಳ್ಳುವ ಬಣ್ಣಬಣ್ಣದ ಉಂಡೆಗಳು ಬಹುಮಟ್ಟಿಗೆ ಪಂಜಾಬಿನ ಲೂಧಿಯಾನದಿಂದ ಬರುತ್ತವೆ, ಅವುಗಳಲ್ಲಿ ಹೆಚ್ಚಿನವು ಉಣ್ಣೆಯೇ ಅಲ್ಲ. ಆ ಮಾತನ್ನು ಮುಂದೆ ಹೇಳುತ್ತೇವೆ. ಕೊಕ್ಕೆಕಡ್ಡಿ ಮಾತ್ರ ಹತ್ತಿರದ್ದು. ಪೋನಿ ಎಂಬ ಹೆಸರಿನಲ್ಲಿ ಮಾರಾಟವಾಗುವ ಸೂಜಿ, ಕಡ್ಡಿಗಳು ನೀಲಗಿರಿಯ ಕೇತ್ತಿಯ ಕಾರ್ಖಾನೆಯವು.

ಈಗ ಯಶವಂತಪುರದ ಕಡೆಗೆ ಬರೋಣ. ಬೀದರ್, ವಿಜಯಪುರ, ಹುಬ್ಬಳ್ಳಿಗಳಿಂದ ರಾತ್ರಿ ಹೊರಟ ರೈಲುಗಳು ಬೆಳಗ್ಗೆ ಈ ನಿಲ್ದಾಣಕ್ಕೆ ಬಂದು ನಿಲ್ಲುತ್ತವೆ. ಇಳಿಯುವವರಲ್ಲಿ ಇಳಕಲ್ ಸೀರೆಯುಟ್ಟ, ಹಣೆಯಲ್ಲಿ ವಿಭೂತಿ ಧರಿಸಿದ ತಾಯಂದಿರು ಎಷ್ಟೋ ಮಂದಿ. ಮಗನಿಗೆ ಇಲ್ಲಿ ನೌಕರಿ, ಸೊಸೆಗೂ ನೌಕರಿ, ಮೊಮ್ಮಗುವನ್ನು ನೋಡಿಕೊಳ್ಳಲು ಅಜ್ಜಿ ಬೇಕು. ಸಹಕಾರನಗರ, ಆರ್.ಟಿ. ನಗರ, ಸಂಜಯನಗರ, ಯಲಹಂಕ ಉಪನಗರಗಳ ಬಹುಮಹಡಿ ಮನೆಗಳಲ್ಲಿ ಅವರ ವಾಸ. ಊರಲ್ಲಿ ಅವರ ದಿನ ಬಿಡುವಿಲ್ಲದ್ದು: ಹಿಂಡಿ ಕುಟ್ಟಬೇಕು, ಸಂಡಿಗೆ ಹಾಕಬೇಕು, ಕೌದಿ ಹೊಲಿಯಬೇಕು, ಓಣಿಯ ನಾಲ್ಕು ಮನೆಗಳ ಸುದ್ದಿ ಕೇಳಬೇಕು. ನಾಲ್ಕನೆಯ ಮಹಡಿಯಲ್ಲಿ ಅಂಗಳವಿಲ್ಲ, ಕಟ್ಟೆಯಿಲ್ಲ. ಮಗು ಮಲಗಿದ ಮೇಲೆ ಮಧ್ಯಾಹ್ನದ ಎರಡು ಗಂಟೆ ಹೊತ್ತು ಗೋಡೆ ನೋಡುವುದೇ ಕೆಲಸ. ಅಂಥ ಹೊತ್ತಿನಲ್ಲಿ ಹುಡುಗಿಯಾಗಿದ್ದಾಗ ಕಲಿತ ಕ್ರೋಶಾ ಕಡ್ಡಿ ಮತ್ತೆ ಕೈಗೆ ಬರುತ್ತದೆ. ಯಲಹಂಕದಲ್ಲಿ ವಾಯುಪಡೆಯ ನೆಲೆ, ರೈಲುಗಾಲಿ ಕಾರ್ಖಾನೆ ಇರುವುದರಿಂದ ಉತ್ತರ ಭಾರತದ ಕುಟುಂಬಗಳೂ ನೆರೆಯಲ್ಲಿವೆ. ಭಾಷೆ ಬಾರದ ಇಬ್ಬರು ಅಜ್ಜಿಯರು, ಒಬ್ಬರು ಪಂಜಾಬಿನವರು, ಇನ್ನೊಬ್ಬರು ಬಾಗಲಕೋಟೆ ಕಡೆಯವರು, ಮೆಟ್ಟಿಲ ಮೇಲೆ ಕುಳಿತು ಬೆರಳಿನ ಸನ್ನೆಯಲ್ಲೇ ಒಂದು ಹೊಸ ಹೂವಿನ ಹೆಣಿಗೆಯನ್ನು ಕೊಟ್ಟು ಪಡೆದದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಹೆಣಿಗೆಯ ಕ್ರಮವನ್ನು ಪುರುಷರೂ ಒಮ್ಮೆ ನೋಡಿ ತಿಳಿಯುವುದು ಒಳ್ಳೆಯದು. ಮಗ್ಗದಲ್ಲಿ ಹಾಸು ಬೇರೆ, ಹೊಕ್ಕು ಬೇರೆ. ಕ್ರೋಶಾದಲ್ಲಿ ಎರಡೂ ಇಲ್ಲ. ಉಂಡೆಯಿಂದ ಬರುವ ಒಂದೇ ಎಳೆಯನ್ನು ಒಂದು ಜಾರುಗುಣಿಕೆ ಮಾಡಿ ಕೊಕ್ಕೆಗೆ ಸಿಕ್ಕಿಸುತ್ತಾರೆ. ಆ ಕುಣಿಕೆಯೊಳಗಿಂದ ಎಳೆಯನ್ನು ಸೆಳೆದರೆ ಇನ್ನೊಂದು ಕುಣಿಕೆ, ಅದರೊಳಗಿಂದ ಮತ್ತೊಂದು. ಹೀಗೆ ಸಾಗುವುದು ಸರಪಳಿ. ಸರಪಳಿಯ ಮೇಲೆ ಎಳೆಯನ್ನು ಕಡ್ಡಿಗೆ ಸುತ್ತಿ ಎತ್ತರಿಸಿದರೆ ಕಂಬ. ಸುತ್ತು ಹೆಚ್ಚಿದಷ್ಟೂ ಕಂಬ ಎತ್ತರವಾಗುತ್ತದೆ. ಸರಪಳಿ ಮತ್ತು ಕಂಬ, ಇವೆರಡರ ಲೆಕ್ಕದಿಂದಲೇ ಚೌಕ, ದುಂಡು, ಹೂವು, ನವಿಲು, ಟೋಪಿ, ತೋರಣ ಎಲ್ಲವೂ ಹುಟ್ಟುತ್ತವೆ. ಎರಡು ಕಡ್ಡಿಯ ಹೆಣಿಗೆಯಲ್ಲಿ ನೂರಾರು ಕುಣಿಕೆಗಳು ಏಕಕಾಲದಲ್ಲಿ ಬಾಯ್ದೆರೆದು ಕುಳಿತಿರುತ್ತವೆ. ಒಂದು ಜಾರಿದರೆ ಏಣಿಯಂತೆ ಕೆಳಗಿನವರೆಗೂ ಬಿಚ್ಚಿಕೊಳ್ಳುತ್ತದೆ. ಕ್ರೋಶಾದಲ್ಲಿ ತೆರೆದಿರುವುದು ಸಾಮಾನ್ಯವಾಗಿ ಒಂದೇ ಕುಣಿಕೆ. ಮಗು ಅತ್ತಿತೆಂದು ಕಡ್ಡಿ ಕೆಳಗಿಟ್ಟು ಎದ್ದು ಹೋಗಬಹುದು. ಬಂದು ನೋಡಿದರೆ ಕೆಲಸ ಬಿಟ್ಟಲ್ಲಿಯೇ ಇರುತ್ತದೆ. ಮನೆವಾರ್ತೆ ನಡೆಸುವವರ ಕೈಗೆ ಇದು ಒಗ್ಗಿದ್ದು ಬಹುಶಃ ಇದೇ ಕಾರಣಕ್ಕೆ.

ಇನ್ನೊಂದು ಸಂಗತಿ ಬಹುಜನರಿಗೆ ತಿಳಿಯದು. ಸ್ವೆಟರಿನ ಹೆಣಿಗೆಗೆ ಯಂತ್ರವಿದೆ, ಲೇಸಿಗೆ ಯಂತ್ರವಿದೆ. ಕೈಯ ಕ್ರೋಶಾವನ್ನು ಇದ್ದಂತೆಯೇ ಹೆಣೆದು ಅಂಗಡಿಗೆ ಸರಕು ತುಂಬಿಸುವ ಯಂತ್ರ ಇಂದಿಗೂ ಇಲ್ಲ. ಹೋಲುವಂಥ ಬಟ್ಟೆಯನ್ನು ಗಿರಣಿಗಳು ಮಾಡುತ್ತವೆ, ಆದರೆ ಅದರ ಗಂಟು ಬೇರೆ. ಆದಕಾರಣ ದೊಡ್ಡ ಮಳಿಗೆಯಲ್ಲಿ ನಿಜವಾದ ಕ್ರೋಶಾದ ಒಂದು ಚೀಲ ಅಗ್ಗದ ಬೆಲೆಗೆ ತೂಗಾಡುತ್ತಿದ್ದರೆ, ಎಲ್ಲೋ ಒಬ್ಬ ತಾಯಿ ಅದನ್ನು ಗಂಟು ಗಂಟಾಗಿ ಕೈಯಲ್ಲೇ ಹೆಣೆದಿದ್ದಾಳೆ ಎಂದು ತಿಳಿಯಬೇಕು. ಅವಳಿಗೆ ಏನು ಸಿಕ್ಕಿತೆಂಬ ಪ್ರಶ್ನೆ ಅಲ್ಲಿಂದಲೇ ಏಳುತ್ತದೆ.

ಆರ್.ಟಿ. ನಗರದ ಒಂದು ಮನೆಯಲ್ಲಿ ನಮ್ಮೆದುರಿಗೇ ನಡೆದ ಮಾತು. ಸೊಸೆ ಒಳ್ಳೆಯ ಮನಸ್ಸಿನವಳೇ, ಅತ್ತೆಯ ಕಣ್ಣಿನ ಚಿಂತೆಯಿಂದ, "ಅತ್ತಿ, ಯಾಕ ಸುಮ್ನ ಕಣ್ಣು ದಣಿಸ್ಕೋತೀರಿ? ಅಂಗಡ್ಯಾಗ ಮುನ್ನೂರು ರೂಪಾಯಿಗೆ ಛಲೋ ಸ್ವೆಟರ್ ಸಿಗತೈತಿ," ಎಂದಳು. ಅತ್ತೆ ಕಡ್ಡಿ ನಿಲ್ಲಿಸದೆ, "ಅಂಗಡ್ಯಾಂವಗ ನಿನ್ನ ಮಗಳ ಹೆಸರು ಗೊತ್ತೈತೇನವಾ?" ಎಂದರು. ನಗು ಹರಡಿತು. ನಗು ನಿಂತ ಮೇಲೆ ಆ ತಾಯಿ ನಮ್ಮ ಕಡೆ ತಿರುಗಿ, "ಅಯ್ಯನವರ, ಇವರಿಗೆ ಹೆಣದದ್ದಕ್ಕ ನನಗ ಲೆಕ್ಕ ಇಲ್ಲರಿ. ಆದ್ರ ಕೆಳಗಿನ ಮನಿಯವರು ಒಬ್ಬರಾದ ಮ್ಯಾಲ ಒಬ್ಬರು ಕೇಳಾಕ ಬರತಾರ. ಅವರ ಹತ್ರ ರೊಕ್ಕ ತಗೊಂಡ್ರ ತಪ್ಪೇನರಿ?" ಎಂದು ಕೇಳಿದರು. ಪಕ್ಕದಲ್ಲಿದ್ದ ಮಗ, ಮನೆತನದವರು ದಾರ ಹೆಣೆದು ಮಾರುವುದು ಚೆನ್ನಾಗಿ ಕಾಣುವುದಿಲ್ಲವೆಂದು ಸಣ್ಣ ದನಿಯಲ್ಲಿ ಅಂದನು.

ಆ ತಾಯಿ ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟ ಲೆಕ್ಕವನ್ನು ನಾವು ನೋಡಿದೆವು. ಕೂಸಿನ ಅಂಗಿ, ಕುಲಾವಿ, ಕಾಲುಚೀಲದ ಒಂದು ಸೆಟ್ಟಿಗೆ 200 ರೂಪಾಯಿಯ ದಾರ. ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನ. ಕೆಳಗಿನ ಮನೆಯವರು ಕೊಡುವೆನೆಂದದ್ದು 600. ದಾರದ ಹಣ ಕಳೆದರೆ 400. ಇಪ್ಪತ್ತು ಗಂಟೆಗೆ ಹಂಚಿದರೆ ಗಂಟೆಗೆ 20 ರೂಪಾಯಿ. ಅದೇ ಮನೆಯ ಕೆಳಗೆ ಬೀದಿಬದಿಯಲ್ಲಿ ಒಂದು ಲೋಟ ಚಹಾಕ್ಕೂ ಹೆಚ್ಚುಕಡಿಮೆ ಅಷ್ಟೇ. "ಹೆಂಗೂ ಮನಿಯಾಗ ಖಾಲಿ ಕುಂತಿರತೀರಲ್ಲ" ಎಂಬುದು ಕೊಳ್ಳುವವರ ವಾದ.

ಈ ವಾದ ಹೊಸದಲ್ಲ. ನರಸಾಪುರದ ಲೇಸು ಹೆಣೆಯುವ ಸ್ತ್ರೀಯರನ್ನು ಕುರಿತು ಮಾರಿಯಾ ಮೀಸ್ ಎಂಬ ಜರ್ಮನ್ ವಿದುಷಿ 1982ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಜಗತ್ತಿನ ಮಾರುಕಟ್ಟೆಗೆ ಸರಕು ಒದಗಿಸುತ್ತಿದ್ದ ಆ ಸ್ತ್ರೀಯರನ್ನು ದುಡಿಮೆಗಾರರೆಂದು ಯಾರೂ ಎಣಿಸುತ್ತಿರಲಿಲ್ಲ. ಗೃಹಿಣಿಯರು ಬಿಡುವಿನಲ್ಲಿ ಮಾಡುವ ಕೈಕೆಲಸವೆಂದು ಕರೆದು ಕೂಲಿಯನ್ನು ಅತ್ಯಲ್ಪಕ್ಕೆ ಇಳಿಸಲಾಗಿತ್ತು. ವ್ಯಾಪಾರದ ಲಾಭ ನಡುವಿನವರ ಪಾಲಾಗುತ್ತಿತ್ತು. ಬಿಡುವು ಎಂಬ ಒಂದು ಶಬ್ದ ಎಷ್ಟು ಬೆವರನ್ನು ಮರೆಮಾಡಬಲ್ಲದೆಂಬುದನ್ನು ಆ ಗ್ರಂಥ ತೋರಿಸಿಕೊಟ್ಟಿತು.

ಆ ಮಗನ ಸಂಕೋಚಕ್ಕೆ ನಾವು ಅಲ್ಲಿಯೇ ಉತ್ತರ ಕೊಟ್ಟೆವು, ಇಲ್ಲಿಯೂ ಬರೆಯುತ್ತೇವೆ. ಲಿಂಗಾಯತರ ಮನೆಯಲ್ಲಿ ಹುಟ್ಟಿ ದಾರದ ಕೆಲಸಕ್ಕೆ ನಾಚುವುದು ವಿಚಿತ್ರವೇ ಸರಿ. ಜೇಡರ ದಾಸಿಮಯ್ಯನವರು ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕುಳಿತವರು. ಕದಿರ ರೆಮ್ಮವ್ವೆ ನೂಲುವ ಕಾಯಕದ ಶರಣೆ. ತನ್ನ ರಾಟಿಯ ಅಂಗಾಂಗಗಳನ್ನೇ ಹಿಡಿದು ಅನುಭಾವ ನುಡಿದವಳು. ಸೂಜಿಕಾಯಕದ ರಾಮಿತಂದೆಯ ಹೆಸರಿನಲ್ಲಿಯೇ ಸೂಜಿಯಿದೆ. ಇನ್ನು ನುಲಿಯ ಚಂದಯ್ಯನವರ ಪ್ರಸಂಗವನ್ನು ಶೂನ್ಯಸಂಪಾದನೆ ಓದಿದವರು ಬಲ್ಲರು. ಹುಲ್ಲು ಕೊಯ್ದು, ನುಲಿ ಹೊಸೆದು, ಮಾರಿ ಬಂದುದರಲ್ಲಿ ಜಂಗಮದಾಸೋಹ ನಡೆಸುತ್ತಿದ್ದ ಆ ಮಹನೀಯರ ಇಷ್ಟಲಿಂಗ ಹುಲ್ಲು ಕೊಯ್ಯುವಾಗ ನೀರಿಗೆ ಜಾರಿತಂತೆ. ಕಾಯಕ ನಿಲ್ಲಿಸಿ ಲಿಂಗವನ್ನು ಹುಡುಕಲು ಅವರು ಒಪ್ಪಲಿಲ್ಲ. ಲಿಂಗವೇ ಬೆನ್ನುಹತ್ತಿ ಬಂತು. ಮಡಿವಾಳ ಮಾಚಯ್ಯನವರು ನಡುವೆ ನಿಂತು ಸಮಾಧಾನ ಮಾಡಿದ ಮೇಲೆ ಲಿಂಗವೂ ಹಗ್ಗ ಮಾರುವ ಕಾಯಕ ವಹಿಸಿಕೊಂಡಿತೆಂಬುದು ಕಥೆ. ಚಂದಯ್ಯನವರು ಹಗ್ಗವನ್ನು ದಾನವಾಗಿ ಹಂಚಲಿಲ್ಲ, ಮಾರಿದರು ಎಂಬುದನ್ನು ನಮ್ಮ ಪ್ರವಚನಕಾರರು ಒತ್ತಿ ಹೇಳುವುದಿಲ್ಲ. ಸಲ್ಲಬೇಕಾದ ಬೆಲೆ ಪಡೆದದ್ದರಿಂದಲೇ ಅವರಲ್ಲಿ ದಾಸೋಹಕ್ಕೆ ದ್ರವ್ಯ ಹುಟ್ಟಿತು.

ಆದುದರಿಂದ ನಮ್ಮ ಅಭಿಪ್ರಾಯ ಇದು. ಮೊಮ್ಮಗುವಿಗೆ ಹೆಣೆದದ್ದು ವಾತ್ಸಲ್ಯ. ಅದಕ್ಕೆ ಲೆಕ್ಕವಿಲ್ಲ, ಇರಲೂಬಾರದು. ಮಠದ ಪ್ರಸಾದನಿಲಯದ ಮಕ್ಕಳಿಗೆ ಟೋಪಿ ಹೆಣೆದು ಕೊಟ್ಟರೆ ಅದು ದಾಸೋಹ. ಆದರೆ ಉಳ್ಳವರು ತಮ್ಮ ಮಗುವಿನ ಹುಟ್ಟುಹಬ್ಬಕ್ಕೆಂದು ಇಂತಿಂಥ ಬಣ್ಣ, ಇಂತಿಂಥ ಅಳತೆ ಎಂದು ಹೇಳಿ ಹೆಣೆಸಿಕೊಂಡು ಗಂಟೆಗೆ ಇಪ್ಪತ್ತು ರೂಪಾಯಿ ಕೈಗಿಡುವುದನ್ನು ಪ್ರೀತಿ ಎಂದೂ ಕರೆಯಲಾಗದು, ದಾಸೋಹ ಎಂದೂ ಕರೆಯಲಾಗದು. ಹೆಣೆಯುವ ತಾಯಂದಿರು ದಾರದ ಬೆಲೆಯನ್ನೂ ಗಂಟೆಗಳನ್ನೂ ಬರೆದಿಡಬೇಕು. ಮನೆಗೆಲಸಕ್ಕೆ ಬರುವ ಹೆಣ್ಣುಮಗಳಿಗೆ ತಾವು ಗಂಟೆಗೆ ಏನು ಕೊಡುತ್ತೇವೆಯೋ ಅದಕ್ಕಿಂತ ಕಡಿಮೆಗೆ ಒಪ್ಪಬಾರದು. ಕೊಳ್ಳುವವರು ಇದು ದುಬಾರಿ ಎಂದರೆ ಅಂಗಡಿಯ ಸ್ವೆಟರು ಇದ್ದೇ ಇದೆ, ಜಗಳಕ್ಕೆ ಕಾರಣವಿಲ್ಲ. ಆರ್.ಟಿ. ನಗರದ ಆ ಮಗ ನಮ್ಮ ಮಾತನ್ನು ಪೂರ್ತಿ ಒಪ್ಪಿದನೆಂದು ಹೇಳಲಾರೆವು. ಆದರೆ ಮುಂದಿನ ಬಾರಿ ಹೋದಾಗ ನೋಟುಬುಕ್ಕಿನಲ್ಲಿ 600 ಎಂದಿದ್ದ ಜಾಗದಲ್ಲಿ 1,400 ಎಂದು ಬರೆದಿತ್ತು, ಅಕ್ಷರ ಅವನದೇ ಆಗಿತ್ತು.

ದಾರ ಕೊಳ್ಳುವ ವಿಚಾರದಲ್ಲಿ ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯುವುದು ಒಳಿತು. ಪತಿ ಮಾರಯ್ಯ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅದನ್ನು ಹಿಂದಕ್ಕೆ ಸುರಿದು ಬನ್ನಿರೆಂದು ಕಳುಹಿಸಿದ ತಾಯಿ ಆಕೆ. ಚಿಕ್ಕಪೇಟೆಗೆ ಹೋಗಿ ಬಣ್ಣ ಚೆನ್ನಾಗಿದೆಯೆಂದು ಹತ್ತು ಉಂಡೆ ತಂದು, ಹಿಂದಿನ ವರ್ಷದ ಇಪ್ಪತ್ತರ ಜೊತೆ ಬೀರುವಿನಲ್ಲಿ ತುಂಬುವವರು ನಮ್ಮ ಬಳಗದಲ್ಲಿಯೇ ಇದ್ದಾರೆ. ಲಕ್ಕಮ್ಮ ಇದ್ದಿದ್ದರೆ ಅವರನ್ನು ಮರುದಿನವೇ ಚಿಕ್ಕಪೇಟೆಗೆ ಕಳುಹಿಸುತ್ತಿದ್ದಳು. ಒಂದು ವಿಷಯದಲ್ಲಿ ಮಾತ್ರ ರಿಯಾಯಿತಿ ಇದೆ: ದೊಡ್ಡ ಹೊದಿಕೆಗೆ ಬೇಕಾಗುವ ಅಷ್ಟೂ ದಾರವನ್ನು ಒಮ್ಮೆಗೇ, ಒಂದೇ ಬಣ್ಣದ ಹದದ ಸಂಖ್ಯೆ ನೋಡಿ ಕೊಳ್ಳಬೇಕು. ಅದೇ ಕೆಂಪೆಂದು ಮುಂದಿನ ತಿಂಗಳು ತಂದದ್ದು ಅದೇ ಕೆಂಪಾಗಿರುವುದಿಲ್ಲ. ಮಿಕ್ಕ ತುಂಡುಗಳಿಂದ ಬಣ್ಣಬಣ್ಣದ ಚಿಕ್ಕ ಚೌಕಗಳನ್ನು ಹೆಣೆದು ಕೂಡಿಸುವುದು ಈ ಕಲೆಯ ಅತ್ಯಂತ ಸೊಗಸಾದ ಭಾಗ. ನಮ್ಮ ಕೌದಿಯ ಬುದ್ಧಿಯೇ ಅಲ್ಲಿಯೂ ಕೆಲಸ ಮಾಡುತ್ತದೆ.

ಉಲ್ಲನ್ ಎಂದು ಅಂಗಡಿಯಲ್ಲಿ ಕೊಡುವುದು ಬಹುತೇಕ ಅಕ್ರಿಲಿಕ್, ಅಂದರೆ ಪೆಟ್ರೋಲಿಯಂ ಮೂಲದ ಕೃತಕ ನೂಲು. ಚೀಟಿಯನ್ನು ಓದಿದರೆ ತಿಳಿಯುತ್ತದೆ. ಅಗ್ಗ, ಬಣ್ಣ ಗಾಢ, ನುಸಿ ತಿನ್ನುವುದಿಲ್ಲ, ಯಂತ್ರದಲ್ಲಿ ಒಗೆಯಬಹುದು. ಇವು ಅದರ ಗುಣಗಳು. ದೋಷವೂ ಇದೆ: ಬೆಂಕಿ ತಗುಲಿದರೆ ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಆದ್ದರಿಂದ ಬಿಸಿ ಪಾತ್ರೆ ಹಿಡಿಯುವ ಬಟ್ಟೆ, ಒಲೆಯ ಬಳಿಯ ಹಾಸುಗಳನ್ನು ಅಕ್ರಿಲಿಕ್ಕಿನಲ್ಲಿ ಎಂದಿಗೂ ಹೆಣೆಯಬಾರದು, ಅವಕ್ಕೆ ಹತ್ತಿಯ ದಪ್ಪ ದಾರವೇ ಸರಿ. ಪೂಜೆಯ ಜಗುಲಿಯಲ್ಲಿ ದೀಪದ ಅಡಿಗೆ ಹಾಸುವ ಚೌಕಕ್ಕೂ ಇದೇ ಮಾತು. ನಿಜವಾದ ಉಣ್ಣೆ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ, ಹೊತ್ತಿದರೂ ಕರಿಕಾಗಿ ಆರುತ್ತದೆ. ಅನುಮಾನ ಬಂದರೆ ಒಂದು ಚಿಕ್ಕ ಎಳೆಯನ್ನು ಚಿಮಟದಲ್ಲಿ ಹಿಡಿದು ಸುಟ್ಟು ನೋಡಬಹುದು. ಸುಟ್ಟ ಕೂದಲಿನ ವಾಸನೆ ಬಂದು, ಉಳಿದ ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ. ಗಟ್ಟಿ ಮಣಿಯಂತೆ ಉಳಿದರೆ ಕೃತಕ.

ಕಡ್ಡಿಯ ದಪ್ಪ ದಾರಕ್ಕೆ ತಕ್ಕಂತಿರಬೇಕು. ನಾಲ್ಕೆಳೆಯ ಸಾಮಾನ್ಯ ದಾರಕ್ಕೆ 3ರಿಂದ 4 ಮಿಲಿಮೀಟರಿನ ಕಡ್ಡಿ ಸಾಕು, ದಪ್ಪ ದಾರಕ್ಕೆ 5 ಬೇಕಾಗುತ್ತದೆ. ಹೊಸದಾಗಿ ಕಲಿಯುವವರು ಕಪ್ಪು, ಕಡುನೀಲಿ ಬಣ್ಣಗಳಿಂದ ಆರಂಭಿಸಬಾರದು, ಕುಣಿಕೆ ಕಾಣುವುದಿಲ್ಲ. ಅರವತ್ತು ದಾಟಿದ ಕಣ್ಣಿಗೂ ಅದೇ ಪಥ್ಯ. ಈಗ ಯೂಟ್ಯೂಬಿನಲ್ಲಿ ಎಲ್ಲವನ್ನೂ ಕಲಿಯಬಹುದೆನ್ನುತ್ತಾರೆ, ನಿಜ. ಆದರೆ ದಾರವನ್ನು ಎಡಗೈ ಬೆರಳುಗಳಲ್ಲಿ ಎಷ್ಟು ಬಿಗಿಯಾಗಿ ಹಿಡಿಯಬೇಕೆಂಬುದನ್ನು ಪಕ್ಕದಲ್ಲಿ ಕುಳಿತವರು ಬೆರಳು ಮುಟ್ಟಿ ತೋರಿಸಿದಷ್ಟು ಚೆನ್ನಾಗಿ ಪರದೆ ತೋರಿಸದು.

ಎಳೆಗೂಸುಗಳಿಗೆ ಹೆಣೆಯುವಾಗ ವಿಶೇಷ ಎಚ್ಚರ ಬೇಕು. ದೊಡ್ಡ ಕಿಂಡಿಯ ಜಾಲರಿ ನೋಡಲು ಚೆಂದ, ಕೂಸಿನ ಬೆರಳು ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಕಾಲುಚೀಲದ ಒಳಮೈಯಲ್ಲಿ ಬಿಟ್ಟ ಎಳೆಯ ತುದಿ ಕಾಲ್ಬೆರಳಿಗೆ ಸುತ್ತಿಕೊಂಡು ರಕ್ತಸಂಚಾರ ತಡೆಯುವುದುಂಟು. ಮಗು ಕಾರಣವಿಲ್ಲದೆ ಅಳುತ್ತಿದ್ದರೆ ಮೊದಲು ಕಾಲುಚೀಲ ಕಳಚಿ ನೋಡಿರಿ. ಹೆಣೆದವರು ಚೀಲವನ್ನು ಒಳಮೈ ಹೊರಗೆ ಮಾಡಿ ಪ್ರತಿ ತುದಿಯನ್ನೂ ಸೂಜಿಯಿಂದ ಹೆಣಿಗೆಯೊಳಗೆ ಹೊಗಿಸಿ ಭದ್ರಪಡಿಸಬೇಕು. ಗುಂಡಿ, ಮಣಿ, ಕುಚ್ಚುಗಳು ಬಾಯಿಗೆ ಹೋಗುವ ವಸ್ತುಗಳು. ಮೂರು ವರ್ಷ ತುಂಬುವವರೆಗೂ ಬೇಡ. ಮಲಗಿದ ಕೂಸಿನ ಮುಖದ ಬಳಿ ಸಡಿಲ ಹೊದಿಕೆ ಇಡಬಾರದೆಂದು ಮಕ್ಕಳ ವೈದ್ಯರು ಹೇಳುತ್ತಾರೆ. ನಮ್ಮ ಅಜ್ಜಿಯರಿಗೆ ಈ ಮಾತು ರುಚಿಸದು, ಆದರೂ ಕೇಳುವುದು ಕ್ಷೇಮ. ಉಣ್ಣೆಯ ನಡುವೆ ನ್ಯಾಫ್ತಲೀನ್ ಗುಳಿಗೆ ಇಡುವ ವಾಡಿಕೆ ಎಲ್ಲ ಮನೆಗಳಲ್ಲಿದೆ. ಹುಟ್ಟಿನಿಂದಲೇ ರಕ್ತದಲ್ಲಿ ಒಂದು ಬಗೆಯ ಕಿಣ್ವದ ಕೊರತೆಯುಳ್ಳ ಶಿಶುಗಳಿಗೆ ಅದರ ಘಾಟು ಅಪಾಯಕಾರಿ. ಕೂಸಿನ ಬಟ್ಟೆಯ ಬಳಿ ಅದು ಬೇಡವೇ ಬೇಡ. ಒಗೆದು, ಚೆನ್ನಾಗಿ ಆರಿಸಿ, ಬಿಗಿಯಾದ ಚೀಲದಲ್ಲಿ ಒಣಗಿದ ಬೇವಿನೆಲೆಯೊಡನೆ ಇಡಬಹುದು.

ಕಾಲೇಜಿನಲ್ಲಿ ಓದುವ ಮೊಮ್ಮಗಳು ಇದನ್ನು ಹಳೆಯ ಕಾಲದ ಹವ್ಯಾಸವೆಂದು ಮೂಗು ಮುರಿದರೆ ಅವಳಿಗೆ ಒಂದು ಸಂಗತಿ ಹೇಳಿರಿ. ಸಮಾಂತರ ರೇಖೆಗಳ ನಿಯಮ ಬೇರೆಯಾಗಿರುವ, ಅತಿಪರವಲಯ ಎಂದು ಕರೆಯುವ ಒಂದು ವಿಚಿತ್ರ ಮೇಲ್ಮೈ ಗಣಿತದಲ್ಲಿದೆ. ಕಾಗದದಲ್ಲಿ ಅದರ ಮಾದರಿ ಮಾಡಿದರೆ ಹರಿದುಹೋಗುತ್ತಿತ್ತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಗಣಿತಜ್ಞೆ ಡೈನಾ ತೈಮಿನಾ 1997ರಲ್ಲಿ ಅದನ್ನು ಕ್ರೋಶಾದಲ್ಲಿ ಹೆಣೆದು ವಿದ್ಯಾರ್ಥಿಗಳ ಕೈಗಿತ್ತರು. ಪ್ರತಿ ಸಾಲಿನಲ್ಲಿಯೂ ಕಂಬಗಳ ಸಂಖ್ಯೆಯನ್ನು ಒಂದೇ ಪ್ರಮಾಣದಲ್ಲಿ ಹೆಚ್ಚಿಸುತ್ತ ಹೋದರೆ ಅಂಚು ನೆರಿಗೆ ನೆರಿಗೆಯಾಗಿ ಸುರುಳುತ್ತದೆ, ಕೋಸಿನ ಎಲೆಯ ಅಂಚಿನಂತೆ. ಲಂಗದ ಅಂಚಿಗೆ ನೆರಿಗೆ ಬರಲೆಂದು ನಮ್ಮ ಅಜ್ಜಿಯರು ಮಾಡುತ್ತಿದ್ದುದೂ ಅದನ್ನೇ.

ಸಂಘಶಕ್ತಿಯ ಉದಾಹರಣೆ ಬೇಕೆಂದರೆ ಚೆನ್ನೈಗೆ ಹೋಗಬೇಕು. ಅಲ್ಲಿ ರೂಪುಗೊಂಡ ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್ ಎಂಬ ಬಳಗ 2016ರ ಜನವರಿಯಲ್ಲಿ 11,148.5 ಚದರ ಮೀಟರಿನ ಹೊದಿಕೆಯನ್ನು ಹಾಸಿ ಗಿನ್ನೆಸ್ ದಾಖಲೆ ಮಾಡಿತು. ಅದು ಒಬ್ಬರು ಹೆಣೆದದ್ದಲ್ಲ. ಅನೇಕ ಊರುಗಳ ಸ್ತ್ರೀಯರು ತಮ್ಮ ತಮ್ಮ ಮನೆಗಳಲ್ಲಿ ಹೆಣೆದ ಚೌಕಗಳನ್ನು ಒಂದೆಡೆ ತಂದು ಜೋಡಿಸಿದ್ದು. ದಾಖಲೆಯ ಹಂಬಲ ನಮಗೆ ಅಷ್ಟಾಗಿ ಹಿಡಿಸದು. ಮನೆಯಲ್ಲಿ ಒಂಟಿಯಾಗಿ ಕುಳಿತವರ ಕೈಗಳು ಹೀಗೆ ಒಂದೆಡೆ ಕೂಡಿದ್ದು ಮಾತ್ರ ಹಿಡಿಸಿತು.

ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರಗಳಲ್ಲಿ ಅಕ್ಕನ ಬಳಗಗಳಿವೆ. ವಚನಗಾಯನ, ಸಾಮೂಹಿಕ ಇಷ್ಟಲಿಂಗಪೂಜೆ ಮುಗಿದ ಮೇಲೆ ತಿಂಗಳಿಗೆ ಒಂದು ದಿನ ಒಂದು ಗಂಟೆ ಹೊತ್ತು ಹೆಣಿಗೆಗೆ ಮೀಸಲಾಗಲಿ ಎಂಬುದು ನಮ್ಮ ಸೂಚನೆ. ಒಬ್ಬೊಬ್ಬ ಹಿರಿಯರ ಪಕ್ಕದಲ್ಲಿ ಒಬ್ಬೊಬ್ಬ ಹುಡುಗಿ ಕುಳಿತುಕೊಳ್ಳಲಿ; ಹುಡುಗರು ಬಂದರೆ ಬೇಡವೆನ್ನಬೇಕಿಲ್ಲ, ದಾಸಿಮಯ್ಯನವರು ಗಂಡಸೇ. ಆಷಾಢದಲ್ಲಿ ತೊಡಗಿದರೆ ಕಾರ್ತಿಕದ ಹೊತ್ತಿಗೆ ಪ್ರಸಾದನಿಲಯಗಳಿಗೆ ಕಳುಹಿಸುವಷ್ಟು ಟೋಪಿಗಳು ಸಿದ್ಧವಾಗುತ್ತವೆ. ಎಂಟರಿಂದ ಹನ್ನೆರಡು ವರ್ಷದ ಮಕ್ಕಳ ತಲೆಗೆ ಸುತ್ತಳತೆ ಸುಮಾರು 50ರಿಂದ 53 ಸೆಂಟಿಮೀಟರ್. ಹೆಣೆದ ಟೋಪಿ ಅದಕ್ಕಿಂತ ಮೂರು ನಾಲ್ಕು ಸೆಂಟಿಮೀಟರ್ ಕಿರಿದಾಗಿದ್ದರೆ ಹಿಗ್ಗಿ ಸರಿಯಾಗಿ ಕೂರುತ್ತದೆ. ನಿಲಯದ ಮಕ್ಕಳು ತಮ್ಮ ಬಟ್ಟೆ ತಾವೇ ಒಗೆಯುವವರಾದ್ದರಿಂದ ಟೋಪಿಗೆ ಅಕ್ರಿಲಿಕ್ಕೇ ಇರಲಿ, ಬಿಳಿ ಬೇಡ. ಬಣ್ಣ ಬೇರೆ ಬೇರೆಯಾಗಿದ್ದರೆ ನೂರು ಮಕ್ಕಳ ನಡುವೆ ಯಾರ ಟೋಪಿ ಯಾವುದೆಂದು ಹುಡುಕುವ ಗೋಜಿರುವುದಿಲ್ಲ.